ಚುಕ್ಕಿ ಸಿಗುತ್ತೆ, ಫೋನ್ ಸಿಗಲ್ಲ

ಹಾಸ್ಟೆಲ್‌ನಲ್ಲಿ ಯಾರದಾದರೂ ಫೋನ್ ಕಳುವಾದರೆ ಸುತ್ತ ನೆರೆಯೋ ಹತ್ತು ಜನರಲ್ಲಿ ಒಂಬತ್ತು ಜನ ಹೇಳೋದು ಒಂದೇ ಮಾತು: "ಲೊಕೇಶನ್ ನೋಡು ಮಗಾ." ಹತ್ತನೆಯವನು "ಬಿಡು ಗುರು, ಹೊಸದು ತಗೋ" ಅಂತಾನೆ. ಅವನಿಗೆ ಮನೇಲಿ ಕೊಡಿಸ್ತಾರೆ, ಅದು ಬೇರೆ ವಿಷಯ. ಸರಿ ಅಂತ ಲೊಕೇಶನ್ ನೋಡಿದರೆ ಮ್ಯಾಪಿನ ಮೇಲೆ ಒಂದು ಚುಕ್ಕಿ ಕಾಣುತ್ತೆ. ಕೊನೇ ಸಲ ಕಂಡಿದ್ದು ಮೂರು ಗಂಟೆ ಹಿಂದೆ, ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡ್ ಹತ್ತಿರ. ಆಮೇಲೆ ಫೋನ್ ಆಫ್. ಆ ಚುಕ್ಕಿಯನ್ನ ಎಷ್ಟು ಸಲ ರಿಫ್ರೆಶ್ ಮಾಡಿದರೂ ಅದು ಅಲ್ಲೇ ನಿಂತಿರುತ್ತೆ. ಅಷ್ಟು ಹೊತ್ತಿಗೆ ಫೋನ್ ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋಗಿದೆಯೋ, ದಾಬಸ್‌ಪೇಟೆ ಕಡೆ ತಿರುಗಿದೆಯೋ ಯಾರಿಗೆ ಗೊತ್ತು.

ವಿಚಿತ್ರ ಅಂದರೆ, ಅದೇ ಫೋನಿಗೆ ಹಿಂದಿನ ಆರು ತಿಂಗಳು ನಾವು ಎಲ್ಲೆಲ್ಲಿ ಓಡಾಡಿದೆವು ಅನ್ನೋದು ಗೊತ್ತಿರಬಹುದು. ಯಾವ ಭಾನುವಾರ ನಂದಿ ಬೆಟ್ಟಕ್ಕೆ ಹೋದೆವು, ಯಾವ ಬೆಳಗಿನ ಜಾವ ಹೊಸಕೋಟೆ ಬಿರಿಯಾನಿಗೆ ಸಾಲಲ್ಲಿ ನಿಂತೆವು, ಎಲ್ಲಾ. ಕಳ್ಳನ ಕೈಗೆ ಹೋದ ಆ ಮೂರು ಗಂಟೆ ಮಾತ್ರ ಗೊತ್ತಿಲ್ಲ. ನನ್ನ ತಕರಾರು ಇರೋದು ಇಲ್ಲೇ. ಫೋನಿನೊಳಗಿನ ಸೆನ್ಸರ್‌ಗಳನ್ನ ನಾವು ತಪ್ಪು ಹೊತ್ತಿನಲ್ಲಿ ದುಡಿಸ್ತಾ ಇದ್ದೀವಿ. ಕಳುವಾಗೋ ಮುಂಚೆ ಅವು ನಮ್ಮ ಬೆನ್ನು ಹತ್ತಿರುತ್ತವೆ, ಕಳುವಾದ ಮೇಲೆ ಕೈ ಕಟ್ಟಿ ಕೂರುತ್ತವೆ. ಇದು ತಿರುಗುಮುರುಗು ಆಗಬೇಕು. ದಾಖಲೆ ಶುರುವಾಗಬೇಕಾದ್ದು ಕಳುವಾದ ಗಳಿಗೆಯಿಂದ, ಅದಕ್ಕೂ ಮುಂಚೆಯಿಂದ ಅಲ್ಲ.

"ಒಂದು ಫೋನಿಗೆ ಇಷ್ಟೆಲ್ಲ ಯಾಕೆ" ಅನ್ನೋರಿಗೆ ಒಂದು ಮಾತು. ಇವತ್ತು ಫೋನ್ ಹೋದರೆ ಯುಪಿಐ ಹೋಗುತ್ತೆ, ಒಟಿಪಿ ಹೋಗುತ್ತೆ, ಸ್ಕಾಲರ್‌ಶಿಪ್ ಲಾಗಿನ್ ಹೋಗುತ್ತೆ, ಪ್ಲೇಸ್‌ಮೆಂಟ್ ಟೆಸ್ಟಿನ ಲಿಂಕ್ ಬಂದಿದ್ದೇ ಗೊತ್ತಾಗಲ್ಲ. ಇಎಂಐ ಮಾತ್ರ ಹೋಗಲ್ಲ, ಅದು ತಿಂಗಳ ಐದನೇ ತಾರೀಖು ತಪ್ಪದೇ ಬರುತ್ತೆ. ನಮ್ಮದು ಹಾಗಿರಲಿ. ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿಗೆ ಬೆಳಿಗ್ಗೆ ಬಸ್ಸಲ್ಲಿ ನೇತಾಡಿಕೊಂಡು ಹೋಗೋ ಅಕ್ಕಂದಿರು, ಮಗ್ಗದ ಕೆಲಸ ಮುಗಿಸಿ ರಾತ್ರಿ ಮನೆಗೆ ಹೊರಡೋರು, ಇವರ ಕೈಲಿರೋ ಫೋನ್ ಅಂದರೆ ಅರ್ಧ ತಿಂಗಳ ಸಂಬಳ. ಅದೇ ಬ್ಯಾಂಕು, ಅದೇ ಮಗುವಿನ ಫೋಟೋ ಆಲ್ಬಮ್ಮು.

ಈಗ ಇರೋ ವ್ಯವಸ್ಥೆ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಿಲ್ಲ. ಸಿಇಐಆರ್ ಅಂತ ಒಂದಿದೆ, ದೂರಸಂಪರ್ಕ ಇಲಾಖೆಯದ್ದು. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಹೆಸರಲ್ಲಿ ದೇಶಕ್ಕೆಲ್ಲ ತೆರೆದರು, ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಅದಕ್ಕೂ ಮೊದಲೇ ಶುರುವಾಗಿತ್ತು. ಪೊಲೀಸ್ ದೂರು ಕೊಟ್ಟು, ಹಳೇ ನಂಬರಿಗೆ ಡೂಪ್ಲಿಕೇಟ್ ಸಿಮ್ ತಗೊಂಡು, 15 ಅಂಕಿಯ ಐಎಂಇಐ ಹಾಕಿ ಅರ್ಜಿ ಕೊಟ್ಟರೆ ಆ ಫೋನ್ ದೇಶದ ಯಾವ ನೆಟ್‌ವರ್ಕಲ್ಲೂ ನಡೆಯದ ಹಾಗೆ ಬ್ಲಾಕ್ ಆಗುತ್ತೆ. ಅದಕ್ಕೆ ಯಾರಾದರೂ ಬೇರೆ ಸಿಮ್ ಹಾಕಿದ ಕೂಡಲೇ ಪೊಲೀಸರಿಗೆ ಸುದ್ದಿ ಹೋಗುತ್ತೆ. 2025ರ ಅಕ್ಟೋಬರ್ ಹೊತ್ತಿಗೆ ಕರ್ನಾಟಕ, ತೆಲಂಗಾಣ ಎರಡೂ ಕಡೆ ತಲಾ ಒಂದು ಲಕ್ಷಕ್ಕಿಂತ ಹೆಚ್ಚು ಫೋನ್ ಹೀಗೆ ವಾಪಸ್ ಸಿಕ್ಕಿವೆ ಅಂತ ಇಲಾಖೆಯೇ ಹೇಳಿದೆ. ಸಣ್ಣ ಸಂಖ್ಯೆ ಅಲ್ಲ ಅದು. ಇದನ್ನ ಓದ್ತಿರೋ ನೀವು ಈಗಲೇ *#06# ಒತ್ತಿ ಬರೋ ನಂಬರನ್ನ ಕಾಗದದ ಮೇಲೆ ಬರೆದಿಡಿ. ಫೋನಿನ ನೋಟ್ಸಲ್ಲಿ ಬರೆದಿಡಬೇಡಿ ದಯವಿಟ್ಟು.

ಆದರೆ ಸಿಇಐಆರ್ ಹೇಳೋದು "ಯಾರು" ಅಂತ. ಯಾರ ಹೆಸರಿನ ಸಿಮ್ ಆ ಫೋನಿಗೆ ಬಿತ್ತು ಅನ್ನೋದು ಅದಕ್ಕೆ ಗೊತ್ತು. ಸಿಮ್ ಬೀಳೋವರೆಗೂ ಅದಕ್ಕೆ ಏನೂ ಗೊತ್ತಿಲ್ಲ. ಫೋನು ಮೂರು ಕೈ ದಾಟಿ, ನಾಲ್ಕನೆಯವನು "ಸೆಕೆಂಡ್ ಹ್ಯಾಂಡ್ ಅಣ್ಣ, ಬಿಲ್ ಇಲ್ಲ" ಅಂತ ತಗೊಂಡು ಸಿಮ್ ಹಾಕಿದ ದಿನ ಸಿಕ್ಕಿಬೀಳೋದು ಆ ನಾಲ್ಕನೆಯವನು. ಬಿಡಿಭಾಗ ಮಾಡಿ ಮಾರಿಬಿಟ್ಟರೆ ಅದೂ ಇಲ್ಲ. ಇನ್ನು ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಐಎಂಇಐಯೇ ಇರಲ್ಲ, ಪಿಜಿಯಲ್ಲಿ ಲ್ಯಾಪ್‌ಟಾಪ್ ಕಳಕೊಂಡವರಿಗೆ ಈ ದಾರಿ ಮುಚ್ಚಿದ ಹಾಗೆಯೇ.

"ಎಲ್ಲಿ" ಅನ್ನೋ ಪ್ರಶ್ನೆಗೆ ಆಪಲ್, ಗೂಗಲ್ ಇಬ್ಬರೂ ಒಂದೇ ಥರದ ಉತ್ತರ ಕಂಡುಕೊಂಡಿದ್ದಾರೆ. ಕಳೆದುಹೋದ ಸಾಧನ ಬ್ಲೂಟೂತ್‌ನಲ್ಲಿ ಸಣ್ಣಗೆ ಕೂಗ್ತಾ ಇರುತ್ತೆ, ಪಕ್ಕದಲ್ಲಿ ಹಾದುಹೋಗೋ ಯಾರದೋ ಫೋನ್ ಅದನ್ನ ಕೇಳಿಸಿಕೊಂಡು ತನ್ನ ಲೊಕೇಶನ್ ಜೊತೆ ಸೇರಿಸಿ, ಮಾಲೀಕರು ಮಾತ್ರ ತೆರೆಯಬಹುದಾದ ಹಾಗೆ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತೆ. ಆಪಲ್ ಇದನ್ನ 2019ರಲ್ಲಿ ತಂತು, ಗೂಗಲ್ 2024ರ ಏಪ್ರಿಲ್‌ನಲ್ಲಿ ಅಮೆರಿಕ, ಕೆನಡಾಗಳಲ್ಲಿ ಶುರು ಮಾಡಿ ಆಮೇಲೆ ಬೇರೆ ದೇಶಗಳಿಗೆ ಹರಡಿತು. ಸೊಗಸಾದ ಎಂಜಿನಿಯರಿಂಗ್, ಅದರಲ್ಲಿ ಎರಡು ಮಾತಿಲ್ಲ. ಮೆಜೆಸ್ಟಿಕ್‌ನಲ್ಲಿ ಕಳೆದುಕೊಂಡರೆ ಪಕ್ಕದಲ್ಲಿ ಸಾವಿರ ಕಿವಿಗಳಿರುತ್ತವೆ. ತೂಬಗೆರೆ ಹೋಬಳಿಯ ರಾಗಿ ಹೊಲದ ಬದುವಿನಲ್ಲಿ ಬಿದ್ದರೆ? ಬ್ಲೂಟೂತ್ ಮುಟ್ಟೋದು ಕೆಲವು ಹತ್ತು ಮೀಟರ್. ಅಷ್ಟರೊಳಗೆ ಹಾದುಹೋಗೋದು ಬೆಳಿಗ್ಗೆ ಒಂದು ಹಾಲಿನ ಗಾಡಿ, ಸಂಜೆ ಒಂದಷ್ಟು ಕುರಿ.

ಇದರ ಜೊತೆಗೆ ಇನ್ನೊಂದು ವಿಷಯ ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೂಗಲ್‌ನ ಈ ಸೌಲಭ್ಯದ ಡಿಫಾಲ್ಟ್ ಸೆಟ್ಟಿಂಗ್ ಏನು ಅಂದರೆ, "ಹೆಚ್ಚು ಜನ ಓಡಾಡೋ ಜಾಗಗಳಲ್ಲಿ ಮಾತ್ರ" ನೆಟ್‌ವರ್ಕಿಗೆ ನೆರವಾಗು ಅಂತ. ಅಂದರೆ ಒಂದೇ ಒಂದು ಫೋನ್ ಕೇಳಿಸಿಕೊಂಡರೆ ಸಾಲದು, ಹಲವು ಫೋನ್‌ಗಳು ಕೇಳಿಸಿಕೊಂಡಿರಬೇಕು, ಆಗಷ್ಟೇ ಮಾಲೀಕರಿಗೆ ಜಾಗ ತೋರಿಸುತ್ತೆ. ಇದನ್ನ ಬೈಯೋಕೆ ನಾನು ತಯಾರಿಲ್ಲ, ಯಾಕಂದರೆ ಹಿಂದಿರೋ ಕಾರಣ ನ್ಯಾಯವಾಗಿದೆ. ಒಂಟಿ ಮನೆಯೊಂದರ ಮುಂದೆ ಒಂದೇ ಫೋನ್ ಇದ್ದಾಗ ಅದರ ವರದಿ ಕಳಿಸಿದರೆ ಆ ಮನೆಯವರು ಎಲ್ಲಿದ್ದಾರೆ ಅನ್ನೋದೂ ಬಯಲಾಗುತ್ತೆ. ಹೆಣ್ಣುಮಗಳೊಬ್ಬಳ ಬ್ಯಾಗಿಗೆ ಯಾರೋ ಟ್ಯಾಗ್ ಸೇರಿಸಿ ಹಿಂಬಾಲಿಸೋದು ಕಥೆಯಲ್ಲ, ಏರ್‌ಟ್ಯಾಗ್ ಬಂದ ಮೇಲೆ ಎಷ್ಟೋ ಕಡೆ ಆಗಿದೆ. ಅದಕ್ಕೇ 2024ರ ಮೇನಲ್ಲಿ ಆಪಲ್, ಗೂಗಲ್ ಸೇರಿಕೊಂಡು "ನಿಮ್ಮ ಜೊತೆ ಅಪರಿಚಿತ ಟ್ರ್ಯಾಕರ್ ಚಲಿಸುತ್ತಿದೆ" ಅನ್ನೋ ಎಚ್ಚರಿಕೆಯನ್ನ ಎರಡೂ ಥರದ ಫೋನಿಗೆ ತಂದವು. ಗುಂಪಿನ ಲೆಕ್ಕ ಇರಲೇಬೇಕು. ಆದರೆ ಆ ಲೆಕ್ಕ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಒಗ್ಗಲ್ಲ. ನಮ್ಮದು ಅರ್ಧ ಪೇಟೆ, ಅರ್ಧ ಹಳ್ಳಿ. ದೇವನಹಳ್ಳಿ ತಾಲ್ಲೂಕಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ತಯಾರಾಗುತ್ತೆ, ಹೊಸಕೋಟೆಯಿಂದ ಸ್ವಲ್ಪ ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲೂ ತಯಾರಾಗುತ್ತೆ. ಕಾರ್ಖಾನೆಯಿಂದ ನಾಲ್ಕು ಹಳ್ಳಿ ಆಚೆ ಅದೇ ಐಫೋನ್ ಕಳೆದುಹೋದರೆ ಅದರ ಕೂಗು ಕೇಳೋಕೆ ಪಕ್ಕದಲ್ಲಿ ಇನ್ನೊಂದು ಐಫೋನ್ ಇರಲ್ಲ.

ಸರಿ, ಚುಕ್ಕಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬಯಲಲ್ಲಿ ಜಿಪಿಎಸ್ ಸುಮಾರು ಐದು ಮೀಟರ್ ನಿಖರ. ನೆಲಮಂಗಲದ ಪಿಜಿ ಬೀದಿಯಲ್ಲಿ, ಕಟ್ಟಡದೊಳಗೆ, ಅದು ಇಪ್ಪತ್ತು ಮೂವತ್ತು ಮೀಟರ್ ಆಗೋದು ಮಾಮೂಲು. ಅಷ್ಟು ದೊಡ್ಡ ವೃತ್ತದಲ್ಲಿ ನಾಲ್ಕು ಅಂತಸ್ತಿನ ಮೂರು ಕಟ್ಟಡ, ನೂರಾರು ಜನ. ಪೊಲೀಸಿನವರು ಪ್ರತಿ ಬಾಗಿಲು ಬಡಿಯೋಕೆ ಆಗಲ್ಲ, ಬಡಿಯಲೂ ಬಾರದು. ಚುಕ್ಕಿ ಹಿಡಿದುಕೊಂಡು ನಾವೇ ನಾಲ್ಕು ಜನ ಬೈಕಲ್ಲಿ ಹೋಗೋದಂತೂ ಬೇಡವೇ ಬೇಡ. ಸಿನಿಮಾ ಥರ ಅನಿಸುತ್ತೆ, ಆದರೆ ಅಲ್ಲಿ ತಪ್ಪು ಬಾಗಿಲು ತಟ್ಟಿದರೆ ಏಟು ತಿನ್ನೋದು ಅಮಾಯಕ, ಸರಿಯಾದ ಬಾಗಿಲು ತಟ್ಟಿದರೆ ಏಟು ತಿನ್ನೋದು ನಾವು.

ಇಲ್ಲಿಂದ ಸೆನ್ಸರ್ ಮಾತಿಗೆ ಬರ್ತೀನಿ. ಮೊದಲನೇ ಗಳಿಗೆ: ಕಳವು ಆಗ್ತಿದೆ ಅಂತ ಫೋನಿಗೆ ಗೊತ್ತಾಗೋದು ಹೇಗೆ? ಕಿತ್ತುಕೊಂಡು ಓಡೋದಾದರೆ ಸುಲಭ. ಆಕ್ಸೆಲೆರೋಮೀಟರ್‌ನಲ್ಲಿ ಒಂದು ದಿಢೀರ್ ಎಳೆತ, ಅದರ ಹಿಂದೆಯೇ ಓಟದ ಅಥವಾ ಬೈಕಿನ ಲಯ. ಗೂಗಲ್ ಇದನ್ನೇ 2024ರಲ್ಲಿ ಥೆಫ್ಟ್ ಡಿಟೆಕ್ಷನ್ ಲಾಕ್ ಅಂತ ತಂತು, ಮೊದಲು ಪರೀಕ್ಷೆ ಮಾಡಿದ್ದು ಬ್ರೆಜಿಲ್‌ನಲ್ಲಿ. ಎಳೆತ ಕಂಡ ಕೂಡಲೇ ಪರದೆ ಲಾಕ್ ಆಗುತ್ತೆ. ಲೆಕ್ಕಾಚಾರ ಎಲ್ಲಾ ಫೋನಿನೊಳಗೇ, ಹೊರಗೆ ಏನೂ ಹೋಗಲ್ಲ. ಆ್ಯಂಡ್ರಾಯ್ಡ್ 10 ಮತ್ತು ಮೇಲಿನದ್ದಕ್ಕೆ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಆನ್ ಇದೆಯಾ ಅಂತ ಒಂದು ಸಲ ನೋಡಿಕೊಳ್ಳಿ.

ಆದರೆ ನಮ್ಮ ಕಡೆ ಫೋನ್ ಕಿತ್ತುಕೊಂಡು ಓಡೋದಕ್ಕಿಂತ ಎತ್ತಿಬಿಡೋದು ಜಾಸ್ತಿ ಅಂತ ನನ್ನ ಅನಿಸಿಕೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ರಥೋತ್ಸವದ ನೂಕುನುಗ್ಗಲು, ಸಂಜೆ ಆರರ ದೊಡ್ಡಬಳ್ಳಾಪುರ ಬಸ್ಸಿನ ಫುಟ್‌ಬೋರ್ಡು. ಅಲ್ಲಿ ಎಳೆತವೇ ಇರಲ್ಲ. ಜೇಬಿನಿಂದ ಜೇಬಿಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗುತ್ತೆ. ಬ್ರೆಜಿಲ್‌ನ ಬೀದಿಗೆ ಮಾಡಿದ ಮಾದರಿ ಘಾಟಿ ಜಾತ್ರೆಯಲ್ಲಿ ಕುರುಡು. ಇಲ್ಲಿ ಬೇಕಾಗೋದು ಬೇರೆ ಸುಳಿವು. ಲೈಟ್ ಸೆನ್ಸರ್, ಪ್ರಾಕ್ಸಿಮಿಟಿ ಸೆನ್ಸರ್: ಕತ್ತಲೆಯ ಜೇಬಿನಿಂದ ಒಂದು ಕ್ಷಣ ಬೆಳಕು, ಮತ್ತೆ ಕತ್ತಲೆ, ನಡುವೆ ಪರದೆ ಆನ್ ಆಗಲೇ ಇಲ್ಲ. ಜೇಬಿನಿಂದ ಫೋನ್ ತೆಗೆದ ಮಾಲೀಕ ಪರದೆ ನೋಡದೇ ಮತ್ತೆ ಇಡೋದು ಅಪರೂಪ ಅಲ್ವಾ? ಆಮೇಲೆ ನಡಿಗೆ. ಒಬ್ಬೊಬ್ಬರ ನಡಿಗೆಯ ಲಯ ಒಂದೊಂದು ಥರ, ಅದನ್ನ ಆಕ್ಸೆಲೆರೋಮೀಟರ್‌ನಿಂದ ಗುರುತಿಸಬಹುದು ಅಂತ ಫಿನ್ಲೆಂಡ್‌ನ ಸಂಶೋಧಕರು 2005ರಲ್ಲೇ ತೋರಿಸಿದ್ದಾರೆ. ಜೇಬಿನ ಹೊರಗೆ ಒಂದು ಮಿಂಚು, ಅದರ ನಂತರ ಹತ್ತು ನಿಮಿಷ ಬೇರೆ ಯಾರದೋ ನಡಿಗೆ, ಒಂದು ಸಲವೂ ಅನ್‌ಲಾಕ್ ಇಲ್ಲ: ಈ ಮೂರನ್ನೂ ಒಟ್ಟಿಗೆ ನೋಡಿದರೆ ಅನುಮಾನ ಪಡೋಕೆ ಸಾಕು. ಒಂದೊಂದನ್ನೇ ನೋಡಿದರೆ ಸಾಲದು. ರೂಮ್‌ಮೇಟ್ ತಮಾಷೆಗೆ ಎತ್ತಿಕೊಂಡು ಓಡಿದರೂ ಲಾಕ್ ಆಗೋ ಫೋನನ್ನ ಜನ ಎರಡೇ ದಿನಕ್ಕೆ ಆಫ್ ಮಾಡಿಬಿಡ್ತಾರೆ.

ಎರಡನೇ ಪ್ರಶ್ನೆ ಇನ್ನೂ ಚೆಂದದ್ದು. ಅನುಮಾನ ಬಂದ ಮೇಲೆ, ನೆಟ್‌ವರ್ಕ್ ಇಲ್ಲ, ಕಳ್ಳ ಸಿಮ್ ಕಿತ್ತಿದ್ದಾನೆ, ಜಿಪಿಎಸ್ ಬ್ಯಾಗಿನ ತಳದಲ್ಲಿ ಸಿಗ್ತಿಲ್ಲ. ಆಗ ಫೋನ್ ತಾನು ಎಲ್ಲಿಗೆ ಹೋಗ್ತಿದೀನಿ ಅಂತ ತಿಳಿದುಕೊಳ್ಳೋಕೆ ಆಗುತ್ತಾ? ಫಿಸಿಕ್ಸ್ ಮೇಷ್ಟ್ರು ಹೇಳಿಕೊಟ್ಟ ದಾರಿ: ವೇಗೋತ್ಕರ್ಷವನ್ನ ಎರಡು ಸಲ ಇಂಟಿಗ್ರೇಟ್ ಮಾಡಿದರೆ ದೂರ. ಕಾಗದದ ಮೇಲೆ ಸರಿ. ಸೆನ್ಸರ್‌ನಲ್ಲಿ ಸೆಕೆಂಡ್ ವರ್ಗಕ್ಕೆ 0.05 ಮೀಟರ್‌ನಷ್ಟು ಸಣ್ಣ ಬಯಾಸ್ ಇದ್ದರೂ ಒಂದು ನಿಮಿಷಕ್ಕೆ 90 ಮೀಟರ್ ತಪ್ಪು. ಹತ್ತು ನಿಮಿಷಕ್ಕೆ 9 ಕಿಲೋಮೀಟರ್! ತಪ್ಪು ಕಾಲದ ವರ್ಗದ ಹಾಗೆ ಬೆಳೆಯುತ್ತೆ. ಟೇಬಲ್ ಮೇಲೆ ಮಲಗಿರೋ ಫೋನು ತಾನು ದೇವನಹಳ್ಳಿ ದಾಟಿದೆ ಅಂತ ಕನಸು ಕಾಣುತ್ತೆ.

ಹಾಗಾಗಿ ದೂರ ಅಳೆಯೋದನ್ನ ಬಿಟ್ಟು ಘಟನೆಗಳನ್ನ ಎಣಿಸಬೇಕು. ಇದಕ್ಕೆ ನಮ್ಮೂರಿನದೇ ಒಳ್ಳೆಯ ಉದಾಹರಣೆ ಇದೆ. 2008ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು ನೆರಿಸೆಲ್ ಅಂತ ಒಂದು ಕೆಲಸ ಪ್ರಕಟಿಸಿದರು. ಬೆಂಗಳೂರಿನ ರಸ್ತೆಗಳಲ್ಲಿ ಫೋನ್ ಇಟ್ಟುಕೊಂಡು ಓಡಾಡಿ, ಆಕ್ಸೆಲೆರೋಮೀಟರ್‌ನಿಂದ ಗುಂಡಿ, ಹಂಪು, ಬ್ರೇಕ್ ಪತ್ತೆ ಮಾಡಿದರು, ಮೈಕ್‌ನಿಂದ ಹಾರ್ನ್ ಗುರುತಿಸಿದರು. ಜೇಬಲ್ಲಿ ಫೋನ್ ಹೇಗೆ ಅಡ್ಡಾದಿಡ್ಡಿ ಬಿದ್ದಿದ್ದರೂ ಅದರ ದಿಕ್ಕನ್ನ ಲೆಕ್ಕದಲ್ಲೇ ಸರಿಪಡಿಸಿಕೊಳ್ಳೋ ಉಪಾಯವೂ ಅದರಲ್ಲಿದೆ. ಗುಂಡಿಗಳಿಗೆ ನಮ್ಮಲ್ಲಿ ಬರವೇ? ಬೆಂಗಳೂರಿನ ಗುಂಡಿಯಿಂದ ಲೋಕಕ್ಕೆ ಒಳ್ಳೇದಾಗಿದ್ದು ಬಹುಶಃ ಅದೊಂದೇ ಸಲ ಇರಬೇಕು.

ಆಮೇಲೆ 2012ರ ಜನವರಿಯಲ್ಲಿ, ಬೆಂಗಳೂರಲ್ಲೇ ನಡೆದ ಕಾಮ್ಸ್‌ನೆಟ್ಸ್ ಸಮ್ಮೇಳನದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡವೊಂದು ಅಕಾಂಪ್ಲಿಸ್ ಅನ್ನೋ ಪ್ರಬಂಧ ಮಂಡಿಸಿತು. ಜಿಪಿಎಸ್ ಮುಟ್ಟದೆ, ಬರೀ ಆಕ್ಸೆಲೆರೋಮೀಟರ್ ಡೇಟಾ ಹಿಡಿದು, ಕಾರು ಹೋದ ದಾರಿಯನ್ನ ರಸ್ತೆಯ ಮ್ಯಾಪಿನ ಜೊತೆ ಹೊಂದಿಸಿ, ಅದು ಇರೋ ಜಾಗವನ್ನ 200 ಮೀಟರ್ ತ್ರಿಜ್ಯದ ವೃತ್ತದೊಳಗೆ ಊಹಿಸಬಹುದು ಅಂತ. ಅವರು ಅದನ್ನ ತೋರಿಸಿದ್ದು ಎಚ್ಚರಿಕೆಯಾಗಿ: ಯಾವ ಅನುಮತಿಯನ್ನೂ ಕೇಳದ ಆ್ಯಪ್ ಕೂಡ ನೀವು ಎಲ್ಲಿದ್ದೀರಿ ಅಂತ ಹೀಗೆ ಕದ್ದು ತಿಳಿಯಬಹುದು ಅಂತ. ನಾನು ಕೇಳೋದು, ಆ ಕಳ್ಳವಿದ್ಯೆಯನ್ನೇ ಕಳ್ಳನ ಮೇಲೆ ತಿರುಗಿಸಿದರೆ?

ನಮ್ಮ ಜಿಲ್ಲೆಯ ಮ್ಯಾಪ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಂಗಳೂರಿನೊಳಗೆ ಸಾವಿರ ಗಲ್ಲಿ, ಸಾವಿರ ತಿರುವು, ಹೊಂದಿಸೋದು ಕಷ್ಟ. ದೊಡ್ಡಬಳ್ಳಾಪುರದಿಂದ ಹೊರಡೋ ದೊಡ್ಡ ರಸ್ತೆಗಳು ಬೆರಳೆಣಿಕೆಯಷ್ಟು: ಯಲಹಂಕ ಕಡೆಗೆ, ಗೌರಿಬಿದನೂರು ಕಡೆಗೆ, ದಾಬಸ್‌ಪೇಟೆ ಕಡೆಗೆ, ದೇವನಹಳ್ಳಿ ಕಡೆಗೆ, ನೆಲಮಂಗಲ ಕಡೆಗೆ. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಲಯ ಇದೆ. ಹಂಪುಗಳ ನಡುವಿನ ಅಂತರ, ರೈಲ್ವೆ ಗೇಟಿನ ಕುಲುಕು, ಟೋಲ್‌ನಲ್ಲಿ ನಿಂತ ನಿಮಿಷಗಳು. ದೇವನಹಳ್ಳಿ, ಸೂಲಿಬೆಲೆ ದಾಟಿ ಹೊಸಕೋಟೆಗೆ ಹೋಗೋ ಸ್ಯಾಟಲೈಟ್ ಟೌನ್ ರಿಂಗ್ ರೋಡಲ್ಲಿ ಫೋನು ಹಂಪಿಲ್ಲದೆ ಸೊಯ್ಯಂತ ಹೋಗುತ್ತೆ, ಆ ನುಣುಪೇ ಒಂದು ಸುಳಿವು. ಫೋನಲ್ಲಿ ಬ್ಯಾರೋಮೀಟರ್ ಇದ್ದರೆ ಇನ್ನೂ ಮಜಾ. ಈ ಎತ್ತರದಲ್ಲಿ ಒಂದು ಮೀಟರ್ ಮೇಲೇರಿದರೆ ಒತ್ತಡ ಸುಮಾರು 0.1 ಹೆಕ್ಟೋಪಾಸ್ಕಲ್ ಇಳಿಯುತ್ತೆ. ನಂದಿ ಬೆಟ್ಟದ ತುದಿ ದೊಡ್ಡಬಳ್ಳಾಪುರಕ್ಕಿಂತ ಸುಮಾರು 600 ಮೀಟರ್ ಎತ್ತರ, ಅಂದರೆ 60 ಹೆಕ್ಟೋಪಾಸ್ಕಲ್ ವ್ಯತ್ಯಾಸ, ಮುಚ್ಚಿಡೋಕೆ ಸಾಧ್ಯವೇ ಇಲ್ಲ. ಕಟ್ಟಡದ ಒಂದು ಅಂತಸ್ತು ಅಂದರೆ 0.3 ಹೆಕ್ಟೋಪಾಸ್ಕಲ್, ಒಳ್ಳೇ ಸೆನ್ಸರ್ ಅದನ್ನೂ ಹಿಡಿಯುತ್ತೆ. ನೆಲಮಂಗಲದ ಆ ಪಿಜಿ ಕಟ್ಟಡದಲ್ಲಿ ಮೂರನೇ ಮಹಡಿಯೋ ನಾಲ್ಕನೆಯದೋ ಅನ್ನೋದು ಮ್ಯಾಪಿನ ಚುಕ್ಕಿಗೆ ಗೊತ್ತಾಗಲ್ಲ, ಮೆಟ್ಟಿಲು ಹತ್ತಿದ ಬ್ಯಾರೋಮೀಟರ್‌ಗೆ ಗೊತ್ತಾಗುತ್ತೆ. ಒಂದು ಎಚ್ಚರ: ಹವಾಮಾನದಿಂದಲೇ ದಿನದಲ್ಲಿ ಎರಡು ಮೂರು ಹೆಕ್ಟೋಪಾಸ್ಕಲ್ ಏರಿಳಿತ ಇರುತ್ತೆ. ಹಾಗಾಗಿ ಕೆಲವು ನಿಮಿಷಗಳೊಳಗಿನ ಬದಲಾವಣೆಯನ್ನಷ್ಟೇ ನಂಬಬೇಕು. ಇನ್ನೂ ಒಂದು: ಕಡಿಮೆ ಬೆಲೆಯ ಬಹುತೇಕ ಫೋನ್‌ಗಳಲ್ಲಿ ಬ್ಯಾರೋಮೀಟರೇ ಇರಲ್ಲ, ಎಷ್ಟೋ ಫೋನಲ್ಲಿ ಗೈರೋಸ್ಕೋಪೂ ಇರಲ್ಲ. ಆಕ್ಸೆಲೆರೋಮೀಟರ್, ಪ್ರಾಕ್ಸಿಮಿಟಿ, ಲೈಟ್, ಈ ಮೂರನ್ನೇ ನೆಚ್ಚಿಕೊಂಡು ಮಾಡಿದ್ದು ಮಾತ್ರ ಅಪರೆಲ್ ಪಾರ್ಕಿನ ಅಕ್ಕನ ಫೋನಲ್ಲೂ ನಡೆಯುತ್ತೆ.

ಇಷ್ಟೆಲ್ಲ ದಾಖಲೆ ಎಷ್ಟು ದೊಡ್ಡದಾಗುತ್ತೆ? ಕಚ್ಚಾ ಡೇಟಾ ಇಟ್ಟರೆ ಮೆಗಾಬೈಟುಗಟ್ಟಲೆ. ಘಟನೆಗಳನ್ನಷ್ಟೇ ಇಟ್ಟರೆ, ಒಂದು ಘಟನೆಗೆ ನಾಲ್ಕು ಬೈಟ್: ಏನಾಯಿತು, ಹಿಂದಿನದಾಗಿ ಎಷ್ಟು ಸೆಕೆಂಡ್, ಎಷ್ಟು ಜೋರು. ಮೂರು ಗಂಟೆಯ ಪ್ರಯಾಣದಲ್ಲಿ ನೂರು ಮುಖ್ಯ ಘಟನೆ ಅಂದುಕೊಂಡರೆ 400 ಬೈಟ್. ಒಂದು ಎಸ್ಸೆಮ್ಮೆಸ್ ಅಂದರೆ 140 ಬೈಟ್. ಮೂರು ಎಸ್ಸೆಮ್ಮೆಸ್‌ನಲ್ಲಿ ಕಳ್ಳನ ಇಡೀ ಪ್ರಯಾಣ! ಬೀಗ ಹಾಕೋದಕ್ಕೆ, ಅಂದರೆ ಎನ್‌ಕ್ರಿಪ್ಷನ್‌ಗೆ, ಇನ್ನೊಂದು ಸೇರಿಸಿಕೊಳ್ಳಿ. ಸಿಮ್ ಇಲ್ಲದಿದ್ದರೂ ಕದ್ದ ಫೋನ್ ಎಲ್ಲೋ ಒಂದು ನಿಮಿಷ ವೈಫೈಗೆ ಸಿಕ್ಕರೆ ಸಾಕು. ಬ್ಲೂಟೂತ್ ಕೂಗಿನಲ್ಲೇ ಚೂರುಚೂರಾಗಿ ಡೇಟಾ ಸಾಗಿಸಬಹುದು ಅಂತ 2021ರಲ್ಲಿ ಜರ್ಮನಿಯ ಸಂಶೋಧಕರು ಆಪಲ್‌ನ ನೆಟ್‌ವರ್ಕ್ ಮೇಲೆ ಮಾಡಿ ತೋರಿಸಿದ್ದಾರೆ, ಸೆಕೆಂಡಿಗೆ ಮೂರು ಬೈಟಿನ ಆಮೆವೇಗದಲ್ಲಿ. ನಮಗೆ ಅಷ್ಟೇ ಸಾಕು.

ಕಳ್ಳ ಫೋನನ್ನ ಪೂರ್ತಿ ಆಫ್ ಮಾಡಿದರೆ ಇದೆಲ್ಲ ನಿಂತುಹೋಗುತ್ತೆ, ಒಪ್ಪಿದೆ. ಫ್ಯಾಕ್ಟರಿ ರಿಸೆಟ್ ಮಾಡಿದರೆ ಅಳಿಸಿಹೋಗುತ್ತೆ, ಅದೂ ಒಪ್ಪಿದೆ. ಅದಕ್ಕೇ ಮೊದಲ ಗಳಿಗೆಯ ಲಾಕ್ ಮುಖ್ಯ. ಲಾಕ್ ಆದ ಫೋನನ್ನ ಪಿನ್ ಇಲ್ಲದೆ ಆಫ್ ಮಾಡೋಕೆ ಬಿಡದ ಸೆಟ್ಟಿಂಗ್ ಕೆಲವು ಬ್ರ್ಯಾಂಡ್‌ಗಳಲ್ಲಿದೆ. ಎಲ್ಲದರಲ್ಲೂ ಯಾಕಿಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಈಗ ಕಹಿ ಭಾಗ. ಕಳ್ಳನನ್ನ ಹೀಗೆ ಹಿಂಬಾಲಿಸೋ ಯಂತ್ರ ನನ್ನನ್ನೂ ಹಿಂಬಾಲಿಸಬಲ್ಲದು. ಇದು ಬರೀ ಊಹೆಯಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಆಕ್ಸೆಲೆರೋಮೀಟರ್ ಓದೋಕೆ ಇವತ್ತಿಗೂ ಆ್ಯಪ್‌ಗಳು ನಿಮ್ಮ ಒಪ್ಪಿಗೆ ಕೇಳಬೇಕಿಲ್ಲ. ಆ್ಯಂಡ್ರಾಯ್ಡ್ 12 ಬಂದ ಮೇಲೆ ಸೆಕೆಂಡಿಗೆ 200 ಸಲಕ್ಕಿಂತ ಹೆಚ್ಚು ಓದಬೇಕಾದರೆ ಮಾತ್ರ ಡೆವಲಪರ್ ಅದನ್ನ ಘೋಷಿಸಿಕೊಳ್ಳಬೇಕು. 2014ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಇಸ್ರೇಲ್‌ನ ಸಂಶೋಧಕರು ಗೈರೋಸ್ಕೋಪ್‌ನಿಂದ ಪಕ್ಕದಲ್ಲಿ ಆಡಿದ ಮಾತಿನ ಸುಳಿವನ್ನೇ ಹಿಡಿಯಬಹುದು ಅಂತ ತೋರಿಸಿದರು. "ಕಳೆದರೆ ಹುಡುಕೋಕೆ" ಅಂತ ಶುರುವಾಗಿದ್ದು "ಎಲ್ಲಿದ್ದೀಯ ನೋಡೋಕೆ" ಆಗೋದಕ್ಕೆ ಜಾಸ್ತಿ ದಿನ ಬೇಕಿಲ್ಲ. ಮಗಳ ಫೋನಿನ ಲೊಕೇಶನ್ ಶೇರ್ ಆನ್ ಇಟ್ಟಿರೋ ಅಪ್ಪಂದಿರು ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟು ಜನರಿಗಿದ್ದಾರೆ ಅಂತ ಹುಡುಗಿಯರನ್ನ ಕೇಳಿ ನೋಡಿ. ಹುಡುಗರಿಗೆ ಮಾತ್ರ ಆ "ಸುರಕ್ಷತೆ" ಯಾಕೋ ಬೇಕಾಗಲ್ಲ.

ಸರ್ಕಾರದ ಕಡೆಯಿಂದಲೂ ಇದೇ ಎಳೆದಾಟ ನೋಡಿದೆವು. 2025ರ ನವೆಂಬರ್ 28ರಂದು ಹೊಸ ಫೋನ್‌ಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಲೇಬೇಕು ಅಂತ ಕಂಪನಿಗಳಿಗೆ ಆದೇಶ ಹೋಯಿತು. ಗಲಾಟೆಯಾಯಿತು. ಡಿಸೆಂಬರ್ 3ರಂದು ಕಡ್ಡಾಯ ಅನ್ನೋದನ್ನ ವಾಪಸ್ ತಗೊಂಡರು. ನಾನು ಸಿಇಐಆರ್ ಅನ್ನ ಹೊಗಳಿದವನೇ, ಆದರೂ ಆ ಗಲಾಟೆ ಸರಿಯಾದ ಗಲಾಟೆ ಅಂತಲೇ ಹೇಳ್ತೀನಿ. ದೂರು ಕೊಡೋಕೆ ನಾನಾಗಿ ತೆರೆಯೋ ವೆಬ್‌ಸೈಟ್ ಬೇರೆ, ನಾನು ಕೇಳದೇ ನನ್ನ ಫೋನೊಳಗೆ ಕೂತಿರೋ ಆ್ಯಪ್ ಬೇರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ ಆ ಕೇಸು ಯಾರ ಹೆಸರಲ್ಲಿದೆ? ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು.

ಇದಕ್ಕೆ ಪರಿಹಾರದ ಬೀಜ ನೆರಿಸೆಲ್‌ನಲ್ಲೇ ಇದೆ ಅಂತ ನನಗನಿಸುತ್ತೆ. ಬ್ಯಾಟರಿ ಉಳಿಸೋಕೆ ಅವರು ಒಂದು ಉಪಾಯ ಮಾಡಿದ್ದರು: ಕಡಿಮೆ ಖರ್ಚಿನ ಸೆನ್ಸರ್ ಎಚ್ಚರವಾಗಿರಲಿ, ಏನಾದರೂ ಕಂಡರೆ ಮಾತ್ರ ಅದು ಹೆಚ್ಚು ಖರ್ಚಿನದನ್ನ ಎಬ್ಬಿಸಲಿ. ಇಲ್ಲಿ "ಖರ್ಚು" ಅನ್ನೋ ಕಡೆ ಬ್ಯಾಟರಿಯ ಜೊತೆಗೆ ಖಾಸಗಿತನವನ್ನೂ ಇಟ್ಟು ನೋಡಿ. ಮಾಮೂಲು ದಿನಗಳಲ್ಲಿ ಆಕ್ಸೆಲೆರೋಮೀಟರ್ ಬರೀ ಅನುಮಾನ ಕಾಯುತ್ತೆ, ಏನನ್ನೂ ಬರೆದಿಡಲ್ಲ. ಅನುಮಾನ ಬಂದಾಗಷ್ಟೇ ಘಟನೆಗಳ ದಾಖಲೆ ಶುರು. ಮಾಲೀಕ ಬಂದು ಅನ್‌ಲಾಕ್ ಮಾಡಿದರೆ ಅಷ್ಟೂ ಅಳಿಸಿಹೋಗುತ್ತೆ. ದಾಖಲೆಗೆ ಹಾಕಿರೋ ಬೀಗದ ಕೀ ಫೋನಲ್ಲಿ ಇರಲ್ಲ, ಕಂಪನಿ ಹತ್ತಿರವೂ ಇರಲ್ಲ, ನಿಮ್ಮ ಟ್ರಂಕಲ್ಲಿ ಐಎಂಇಐ ಬರೆದಿಟ್ಟ ಅದೇ ಚೀಟಿಯಲ್ಲಿರುತ್ತೆ. ಪೊಲೀಸರಿಗೆ ಕೊಡಬೇಕೋ ಬೇಡವೋ ಅನ್ನೋದು ನಿಮಗೆ ಬಿಟ್ಟಿದ್ದು. ಕೊಟ್ಟರೆ ಅವರಿಗೆ ಸಿಗೋದು "ಇಷ್ಟು ಹೊತ್ತಿಗೆ ಈ ರಸ್ತೆ, ಇಲ್ಲಿ ಇಪ್ಪತ್ತು ನಿಮಿಷ ನಿಂತಿತ್ತು, ಆಮೇಲೆ ಮೂರು ಮಹಡಿ ಮೇಲೆ" ಅನ್ನೋ ಥರದ ಸುಳಿವು. ಅದರ ಪಕ್ಕದಲ್ಲಿ ಸಿಇಐಆರ್ ಕೊಡೋ ಹೆಸರನ್ನ ಇಟ್ಟು ನೋಡಿದರೆ ನಾಲ್ಕನೇ ಕೈಯಿಂದ ಮೊದಲನೇ ಕೈವರೆಗೆ ಹಿಂದಕ್ಕೆ ನಡೆಯೋಕೆ ಒಂದು ದಾರಿ ಆಗುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡ ಬಡಪಾಯಿಯ ಮೇಲೆ ಪೂರ್ತಿ ಭಾರ ಬೀಳೋದೂ ತಪ್ಪುತ್ತೆ.

ದೂರಿನ ವಿಷಯಕ್ಕೆ ಒಂದು ಮಾತು. ಬಸ್ಸು ಹತ್ತಿದ್ದು ನಗರ ಕಮಿಷನರೇಟ್ ಹದ್ದಿನಲ್ಲಿ, ಫೋನ್ ಇಲ್ಲ ಅಂತ ಗೊತ್ತಾಗಿದ್ದು ಗ್ರಾಮಾಂತರ ಜಿಲ್ಲೆಯಲ್ಲಿ. "ಅಲ್ಲಿ ಹೋಗಿ", "ಇಲ್ಲಿ ಬರಲ್ಲ" ಅಂತ ಎರಡು ಠಾಣೆ ಸುತ್ತಿದ ಸೀನಿಯರ್‌ಗಳು ಎಲ್ಲಾ ಬ್ಯಾಚಲ್ಲೂ ಇರ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಕಲಂ ನಂಬರ್ ನೆನಪಿಟ್ಟುಕೊಂಡು ಮರ್ಯಾದೆಯಿಂದ ಹೇಳಿ. ಮರ್ಯಾದೆಯಿಂದ ಅನ್ನೋದೂ ಮುಖ್ಯ.

ಇನ್ನು ನಮ್ಮ ಪ್ರಾಜೆಕ್ಟ್‌ಗಳ ಕಥೆ. ಪ್ರತಿ ವರ್ಷ ಎಕ್ಸಿಬಿಷನ್‌ನಲ್ಲಿ ಕನಿಷ್ಠ ನಾಲ್ಕು ಟೇಬಲ್ ಮೇಲೆ "ಸ್ಮಾರ್ಟ್ ಟ್ರ್ಯಾಕರ್" ಇರುತ್ತೆ. ಒಂದು ಇಎಸ್‌ಪಿ32, ಒಂದು ನಿಯೋ-6ಎಂ ಜಿಪಿಎಸ್, ಒಂದು ಸಿಮ್800ಎಲ್. ಐದು ಸೆಕೆಂಡಿಗೊಂದು ಸಲ ಲೊಕೇಶನ್ ಸರ್ವರ್‌ಗೆ ಹೋಗುತ್ತೆ, ಡ್ಯಾಶ್‌ಬೋರ್ಡಲ್ಲಿ ಚುಕ್ಕಿ ಓಡುತ್ತೆ, ಗೈಡ್ ತಲೆಯಾಡಿಸ್ತಾರೆ. ಸಿಮ್800ಎಲ್ ಬರೀ 2ಜಿ, ಜಿಯೋ ಸಿಮ್ ಹಾಕಿದರೆ ನಡೆಯೋದೇ ಇಲ್ಲ. ಕರೆಂಟ್ ಎರಡು ಆಂಪಿಯರ್‌ವರೆಗೆ ಎಳೆದಾಗ ಬೋರ್ಡ್ ರಿಸೆಟ್ ಆಗೋದನ್ನ ಕೆಪಾಸಿಟರ್ ಹಾಕಿ ಮುಚ್ಚೋದು ನಮಗೆಲ್ಲ ಗೊತ್ತಿರೋ ಗುಟ್ಟು. ಅದು ಹೋಗಲಿ. ನನಗೆ ಬೇಜಾರಾಗೋದು ಆ ಐದು ಸೆಕೆಂಡಿನ ಬಗ್ಗೆ. ಆ ಡೇಟಾ ಎಲ್ಲಿರುತ್ತೆ, ಯಾರು ನೋಡಬಹುದು, ಯಾವಾಗ ಅಳಿಯುತ್ತೆ ಅಂತ ವೈವಾದಲ್ಲಿ ಯಾರೂ ಕೇಳಿದ್ದನ್ನ ನಾನು ನೋಡಿಲ್ಲ. ಕೇಳಿದರೆ ಉತ್ತರವೂ ಇರಲ್ಲ, ಪಬ್ಲಿಕ್ ಚಾನೆಲ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಬಿದ್ದಿರುತ್ತೆ.

ಅದಕ್ಕೆ ಬದಲಾಗಿ ಮುಂದಿನ ಸೆಮಿಸ್ಟರ್‌ಗೆ ಯಾರಾದರೂ ಇದನ್ನ ಎತ್ತಿಕೊಳ್ಳಿ ಅಂತ ನನ್ನ ಕೋರಿಕೆ. ಹಾರ್ಡ್‌ವೇರ್ ಖರ್ಚಿಲ್ಲ, ಎಲ್ಲರ ಜೇಬಲ್ಲೂ ಇದೆ. ಮೊದಲು ಬೇಕಾಗೋದು ಹಂಪಿನ ಮ್ಯಾಪು. ನಾವು ದಿನಾ ಓಡಾಡೋ ಐದು ದಾರಿ ಸಾಕು. ಕಾಲೇಜ್ ಬಸ್ಸಲ್ಲಿ ಬರೋರು ಒಂದು ವಾರ ಫೋನಲ್ಲಿ ಆಕ್ಸೆಲೆರೋಮೀಟರ್ ದಾಖಲಿಸಿದರೆ ಒಂದೊಂದು ದಾರಿಗೂ ಹತ್ತಾರು ಸಲದ ಡೇಟಾ ಸಿಗುತ್ತೆ. ಆ್ಯಂಡ್ರಾಯ್ಡ್ 9ರಿಂದ ಈಚೆಗೆ ಹಿನ್ನೆಲೆಯಲ್ಲಿರೋ ಆ್ಯಪ್‌ಗೆ ಸೆನ್ಸರ್ ನಿರಂತರವಾಗಿ ಸಿಗಲ್ಲ, ಫೋರ್‌ಗ್ರೌಂಡ್ ಸರ್ವಿಸ್ ಬರೀಬೇಕು, ಅದನ್ನ ಮೊದಲೇ ತಿಳಿದುಕೊಂಡಿರಿ. ಆಮೇಲೆ ಒಬ್ಬರು ಕಳ್ಳನ ಪಾತ್ರ ಮಾಡಲಿ: ಫೋನನ್ನ ಜಿಪಿಎಸ್ ಆಫ್ ಮಾಡಿ ಬ್ಯಾಗಲ್ಲಿ ಹಾಕಿಕೊಂಡು ಐದರಲ್ಲಿ ಒಂದು ದಾರಿ ಹಿಡಿದು ಹೋಗಲಿ, ಉಳಿದವರು 400 ಬೈಟ್ ನೋಡಿ ಯಾವ ದಾರಿ, ಎಲ್ಲಿ ಇಳಿದ ಅಂತ ಹೇಳಲಿ. ಟೂ ವೀಲರಲ್ಲಿ ಒಂದು ಸಲ, ಬಸ್ಸಲ್ಲಿ ಒಂದು ಸಲ, ಏಕೆಂದರೆ ಒಂದೇ ಹಂಪು ಎರಡರಲ್ಲೂ ಒಂದೇ ಥರ ಕುಲುಕಲ್ಲ. ಐದರಲ್ಲಿ ಮೂರು ಸಲ ಸರಿ ಬಂದರೂ ಬರೆದು ಹಾಕಿ, ಈ ಪತ್ರಿಕೆಯಲ್ಲೇ ಜಾಗ ಕೇಳೋಣ.

ಡೇಟಾ ಕೊಡೋರ ಹತ್ತಿರ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಕನ್ನಡದಲ್ಲಿ, ಒಂದು ಪುಟ ಮೀರದ ಹಾಗೆ. ಅದರಲ್ಲಿ ಯಾವ ತಾರೀಖಿಗೆ ಅಳಿಸ್ತೀವಿ ಅಂತ ಇರಲಿ. ಬಸ್ಸಿನ ಡ್ರೈವರ್ ಅಣ್ಣನನ್ನೂ ಕೇಳಬೇಕು, ಅವರ ಬ್ರೇಕು, ಅವರ ವೇಗ ಎಲ್ಲಾ ಅದರಲ್ಲಿ ಬರುತ್ತಲ್ಲ. ಅವರು ಬೇಡ ಅಂದರೆ ಬೇಡ, ಬೇರೆ ಬಸ್ಸು ನೋಡಿಕೊಳ್ಳೋಣ.